ಬಿಚ್ಚಿಟ್ಟ ಕಾರ್ ಎಂಜಿನ್ ಶೆಡ್‌ನಲ್ಲೇ ಹಾಳಾಗಬಹುದು: ಮರುಜೋಡಣೆಗೆ ಮುನ್ನ ಈ ಎಚ್ಚರ ಇರಲಿ

ಪುಣೆಯಿಂದ ಸುಮಾರು 30 ಕಿ.ಮೀ. ದೂರದ ಸಾಸವಡಕ್ಕೆ ಹಡಪಸರ ಕಡೆಯಿಂದ ಹೋಗುವ ವಾಹನಗಳು ದಿವೇ ಘಾಟ್ ಹತ್ತಬೇಕು. ಕೂಲಂಟ್ ಕಡಿಮೆಯಾಗಿದ್ದರೆ ಅಥವಾ ರೇಡಿಯೇಟರ್ ಕಟ್ಟಿಕೊಂಡಿದ್ದರೆ ಹಳೆಯ ಕಾರುಗಳು ಇಂಥ ಏರಿನಲ್ಲಿ ಬಿಸಿಯೇರಿ, ಹೆಡ್ ಗ್ಯಾಸ್ಕೆಟ್ ಹೋಗುವ ಅಪಾಯ ಹೆಚ್ಚು. ಹಾನಿ ಹೆಚ್ಚಾಗಿದ್ದರೆ ಎಂಜಿನ್ ಪೂರ್ತಿ ಬಿಚ್ಚಬೇಕಾಗುತ್ತದೆ. ಬಿಚ್ಚುವ ಕೆಲಸ ಬೇಗ ಮುಗಿದರೂ ಬಿಡಿಭಾಗ ಬರುವುದು, ಲೇತ್ ಕೆಲಸ ಆಗುವುದು, ಹಣ ಹೊಂದಿಸುವುದು ಎಂದು ಜೋಡಣೆ ವಾರಗಟ್ಟಲೆ ಮುಂದೆ ಹೋಗಬಹುದು. ದುಬಾರಿ ರಿಪೇರಿ ಕೈಕೊಡುವುದಕ್ಕೆ ಈ ನಡುವಿನ ದಿನಗಳ ನಿರ್ಲಕ್ಷ್ಯವೂ ಒಂದು ಕಾರಣ.

ಇಷ್ಟು ಎಚ್ಚರ ಏಕೆ?

ಕ್ರ್ಯಾಂಕ್‌ಶಾಫ್ಟ್ ಮತ್ತು ಅದರ ಬೇರಿಂಗ್ ನಡುವಿನ ಅಂತರ ಹೆಚ್ಚಿನ ಕಾರುಗಳಲ್ಲಿ ಸುಮಾರು 0.02ರಿಂದ 0.06 ಮಿ.ಮೀ. ಮಾತ್ರ. ಅಂದರೆ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಅಷ್ಟು ಜಾಗದಲ್ಲಿ ಆಯಿಲ್‌ನ ಪದರ ನಿಲ್ಲಬೇಕು. ಅಲ್ಲಿಗೆ ಮರಳಿನ ಕಣ ಅಥವಾ ಲೋಹದ ಪುಡಿ ಸೇರಿದರೆ ಹೊಸ ಬೇರಿಂಗ್ ಮೇಲೆ ಗೀರು ಬೀಳುತ್ತದೆ. ಇನ್ನು ಎರಕದ ಕಬ್ಬಿಣದ ಸಿಲಿಂಡರ್ ಗೋಡೆ ಎಣ್ಣೆಯಿಲ್ಲದೆ ಬಿಟ್ಟರೆ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಆಳಕ್ಕಿಳಿದು ಗುಳಿಬಿದ್ದರೆ ಮತ್ತೆ ಬೋರ್ ಮಾಡಿಸಬೇಕು, ದೊಡ್ಡ ಅಳತೆಯ ಪಿಸ್ಟನ್ ಹಾಕಿಸಬೇಕು. ಬೇಸಿಗೆಯ ದೂಳು, ಮಳೆಗಾಲದ ತೇವ ಎರಡೂ ಬಿಚ್ಚಿಟ್ಟ ಎಂಜಿನ್‌ಗೆ ಶತ್ರುಗಳೇ.

ಎತ್ತಿಡುವುದು ಹೇಗೆ?

* ಬಿಚ್ಚುವ ಮೊದಲೇ ಪ್ರತಿ ಹಂತದಲ್ಲೂ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಬೋಲ್ಟ್‌ಗಳನ್ನು ಒಂದೇ ಡಬ್ಬಿಗೆ ಸುರಿಯದೆ, ಆಯಾ ಭಾಗದ ಹೆಸರು ಬರೆದ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ.

* ಮೇನ್ ಬೇರಿಂಗ್ ಕ್ಯಾಪ್‌ಗಳನ್ನು ಬ್ಲಾಕ್‌ಗೆ ಜೋಡಿಸಿಯೇ ಕೊರೆದಿರುತ್ತಾರೆ. ಆದ್ದರಿಂದ ಒಂದರ ಜಾಗಕ್ಕೆ ಇನ್ನೊಂದು ಹೊಂದುವುದಿಲ್ಲ. ಪ್ರತಿ ಕ್ಯಾಪ್‌ನ ಸಂಖ್ಯೆ ಮತ್ತು ದಿಕ್ಕನ್ನು ಗುರುತು ಮಾಡಿ. ಕನೆಕ್ಟಿಂಗ್ ರಾಡ್ ಮತ್ತು ಅದರ ಕ್ಯಾಪ್ ಕೂಡ ಜೋಡಿ ತಪ್ಪಬಾರದು.

* ವಾಲ್ವ್‌ಗಳನ್ನು ತೂತು ಮಾಡಿದ ರಟ್ಟಿನಲ್ಲಿ ಸಾಲಾಗಿ ಸಿಕ್ಕಿಸಿಡಿ. ಪ್ರತಿ ವಾಲ್ವ್ ತನ್ನದೇ ಸೀಟಿಗೆ ಸವೆದು ಹೊಂದಿಕೊಂಡಿರುತ್ತದೆ.

* ಸಿಲಿಂಡರ್ ಬೋರ್, ಕ್ರ್ಯಾಂಕ್, ಕ್ಯಾಮ್‌ಶಾಫ್ಟ್‌ಗಳಿಗೆ ಆಯಿಲ್ ಸವರಿ ದಪ್ಪ ಪ್ಲಾಸ್ಟಿಕ್‌ನಿಂದ ಮುಚ್ಚಿ. ಭಾಗ ಒದ್ದೆ ಇರುವಾಗ ಪ್ಲಾಸ್ಟಿಕ್ ಬಿಗಿದರೆ ಒಳಗೇ ತುಕ್ಕು ಹಿಡಿಯುತ್ತದೆ. ಬ್ಲಾಕ್ ಅನ್ನು ನೆಲದ ಮೇಲಿಡದೆ ಮರದ ಹಲಗೆಯ ಮೇಲಿಡಿ. ಹೆಚ್ಚು ದಿನ ಇಡುವುದಾದರೆ ಆಗಾಗ ತೆರೆದು ನೋಡಿ, ಮತ್ತೆ ಆಯಿಲ್ ಸವರಿ.

ತೊಳೆಯುವಾಗ ಆಗುವ ತಪ್ಪುಗಳು

ಜಿಡ್ಡು ತೆಗೆಯಲು ಸೀಮೆಎಣ್ಣೆ, ಡೀಸೆಲ್ ಅಥವಾ ಡಿಗ್ರೀಸರ್ ಸಾಕು. ಪೆಟ್ರೋಲ್ ಬಳಸಲೇಬಾರದು. ಅದರ ಆವಿಗೆ ಒಂದು ಕಿಡಿ ತಾಗಿದರೂ ಬೆಂಕಿ ಹೊತ್ತಿಕೊಳ್ಳುತ್ತದೆ. ಅಲ್ಯೂಮಿನಿಯಂ ಹೆಡ್ ಮತ್ತು ಪಿಸ್ಟನ್‌ಗಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕಬಾರದು. ಅದು ಲೋಹವನ್ನೇ ತಿನ್ನುತ್ತದೆ.

ಅಂಟಿಕೊಂಡ ಹಳೆಯ ಗ್ಯಾಸ್ಕೆಟ್ ತೆಗೆಯಲು ಎಮರಿ ಪೇಪರ್ ಅಥವಾ ಗ್ರೈಂಡರ್ ಡಿಸ್ಕ್ ಬೇಡ. ಅದರಿಂದ ಉದುರುವ ಗಡಸು ಪುಡಿ ಆಯಿಲ್ ದಾರಿಗೆ ಸೇರಿದರೆ ಬೇರಿಂಗ್ ಸವೆಯುತ್ತದೆ. ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ನಿಧಾನವಾಗಿ ಕೆರೆಯುವುದೇ ಕ್ಷೇಮ.

ಬೋರ್ ಮತ್ತು ಹಾನಿಂಗ್ ಆಗಿ ಲೇತ್‌ನಿಂದ ಬಂದ ಬ್ಲಾಕ್ ನೋಡಲು ಫಳಫಳ ಹೊಳೆಯುತ್ತದೆ. ಆದರೆ ಹಾನಿಂಗ್ ಕಲ್ಲಿನ ಪುಡಿ ಸಿಲಿಂಡರ್ ಗೋಡೆಯ ಸಣ್ಣ ಗೀರುಗಳಲ್ಲಿ ಉಳಿದಿರುತ್ತದೆ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಅದು ಪೂರ್ತಿ ಹೋಗುವುದಿಲ್ಲ. ಬಿಸಿನೀರು, ಸೋಪಿನ ಪುಡಿ, ಗಟ್ಟಿ ಬ್ರಷ್ ಹಾಕಿ ಉಜ್ಜಿ ತೊಳೆಯಬೇಕು. ಆಯಿಲ್ ಹರಿಯುವ ದಾರಿಗಳ ಪ್ಲಗ್ ತೆಗೆದು, ಉದ್ದನೆಯ ಬ್ರಷ್ ತೂರಿಸಿ, ಕಂಪ್ರೆಸರ್ ಗಾಳಿ ಹೊಡೆಯಬೇಕು. ಆಗ ಕಣ್ಣಿಗೆ ಕನ್ನಡಕ ಇರಲಿ. ಕ್ರ್ಯಾಂಕ್‌ನ ಆಯಿಲ್ ತೂತುಗಳಿಗೂ ಇದೇ ಆರೈಕೆ ಬೇಕು.

ತೊಳೆದ ಕಬ್ಬಿಣದ ಮೇಲೆ ಸ್ವಲ್ಪ ಹೊತ್ತಿನಲ್ಲೇ ಕಂದು ಛಾಯೆ ಮೂಡುತ್ತದೆ. ಆದ್ದರಿಂದ ಗಾಳಿಯಿಂದ ಒಣಗಿಸಿದ ಕೂಡಲೇ ಆಯಿಲ್ ಸವರಬೇಕು. ಆಯಿಲ್ ಹಚ್ಚಿದ ಬಿಳಿ ಬಟ್ಟೆಯಿಂದ ಸಿಲಿಂಡರ್ ಒಳಗೆ ಒರೆಸಿ ನೋಡಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಮತ್ತೊಮ್ಮೆ ತೊಳೆಯಬೇಕೆಂದು ಅರ್ಥ.

ಜೋಡಣೆಯ ದಿನ

ಎತ್ತಿಟ್ಟು ಹಲವು ದಿನ ಕಳೆದಿದ್ದರೆ, ಹಿಂದೆ ತೊಳೆದಿದ್ದರೂ ಜೋಡಿಸುವ ದಿನ ಇನ್ನೊಮ್ಮೆ ಶುಚಿಗೊಳಿಸಬೇಕು. ಹೆಡ್ ಬೋಲ್ಟ್ ಕೂರುವ ತೂತುಗಳಲ್ಲಿ ನೀರು ಅಥವಾ ಆಯಿಲ್ ನಿಂತಿದ್ದರೆ, ಬೋಲ್ಟ್ ಬಿಗಿಯುವಾಗ ಒತ್ತಡ ಹೆಚ್ಚಿ ಬ್ಲಾಕ್ ಬಿರುಕು ಬಿಡಬಹುದು. ಹೊಸ ಗ್ಯಾಸ್ಕೆಟ್, ಹೊಸ ಸೀಲ್‌ಗಳನ್ನೇ ಹಾಕಬೇಕು. ಬೋಲ್ಟ್‌ಗಳನ್ನು ಕಂಪನಿ ಕೈಪಿಡಿಯ ಕ್ರಮದಲ್ಲಿ ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. ಬೇರಿಂಗ್‌ಗಳಿಗೆ ಆಯಿಲ್ ಸವರಿ ಜೋಡಿಸುತ್ತಾ, ಪ್ರತಿ ಕ್ಯಾಪ್ ಬಿಗಿದ ಮೇಲೆ ಕ್ರ್ಯಾಂಕ್ ಅನ್ನು ಕೈಯಲ್ಲಿ ತಿರುಗಿಸಿ ನೋಡಬೇಕು. ಎಲ್ಲಾದರೂ ಬಿಗಿಯಾದರೆ ಅಲ್ಲೇ ನಿಲ್ಲಿಸಿ ಕಾರಣ ಹುಡುಕಬೇಕು.

ಮಾಲೀಕರು ಕೇಳಬೇಕಾದ ಪ್ರಶ್ನೆಗಳು

ಎಂಜಿನ್ ಕೆಲಸಕ್ಕೆ ಕೊಟ್ಟವರು ಮೆಕ್ಯಾನಿಕ್ ಬಳಿ ಮೂರು ವಿಷಯ ಕೇಳುವುದು ಒಳ್ಳೆಯದು. ಬಿಚ್ಚಿದ ಭಾಗಗಳನ್ನು ಎಲ್ಲಿ, ಹೇಗೆ ಇಟ್ಟಿದ್ದೀರಿ? ಲೇತ್‌ನಿಂದ ಬಂದ ಬ್ಲಾಕ್ ಅನ್ನು ಸೋಪುನೀರಲ್ಲಿ ತೊಳೆದಿರಾ? ಆಯಿಲ್ ದಾರಿಯ ಪ್ಲಗ್ ತೆಗೆದು ನೋಡಿದಿರಾ? ಎಂಜಿನ್ ಮುಚ್ಚಿದ ಮೇಲೆ ಇವುಗಳಲ್ಲಿ ಯಾವುದನ್ನೂ ಹೊರಗಿನಿಂದ ನೋಡಿ ತಿಳಿಯಲಾಗದು.