ಬಿಸಿಲಿಗೆ ಬಿಗಿದ ಎಣ್ಣೆ: ವಿಮಾನಕ್ಕೂ ಅದೇ, ಟ್ರ್ಯಾಕ್ಟರಿಗೂ ಅದೇ!

ವಿಜಯಪುರದ ಅಥಣಿ ರಸ್ತೆಯಲ್ಲಿ ಬೇಸಿಗೆ ಮಧ್ಯಾಹ್ನ ಕಾಣುವ ನೋಟವಿದು. ಮುಂಜಾನೆ ಸಲೀಸಾಗಿ ಬಿಚ್ಚಿಟ್ಟ ಟ್ರಾಲಿಯ ಹೈಡ್ರಾಲಿಕ್ ಪೈಪು ಊಟವಾದ ಮೇಲೆ ಟ್ರ್ಯಾಕ್ಟರಿಗೆ ಕೂಡುವುದೇ ಇಲ್ಲ. "ಏನಾಗೇತಿ ಇದಕ್ಕ? ಮುಂಜಾನೆ ಚಲೋನ ಇತ್ತಲ್ಲೋ!" ಎನ್ನುತ್ತಾನೆ ಡ್ರೈವರ್. "ಮೊಳಿ ಇಟ್ಟು ಬಡಿ, ಬಿಡತೈತಿ" ಎಂಬ ಸಲಹೆ ಪಕ್ಕದಿಂದ ಬರುತ್ತದೆ. ಅನಾಹುತಕ್ಕೆ ದಾರಿ ಇದೇ.

ತಪ್ಪು ಪೈಪಿನದಲ್ಲ, ಬಿಸಿಲಿನದು. ಕಾಯ್ದ ಎಣ್ಣೆ ಹಿಗ್ಗುತ್ತದೆ. ಡಬ್ಬಿಯ ಬಾಯಿಮಟ ಎಣ್ಣೆ ತುಂಬಬಾರದೆಂದು ಕಿರಾಣಿ ಅಂಗಡಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎರಡೂ ಬಾಯಿ ಮುಚ್ಚಿದ ಗಟ್ಟಿ ಉಕ್ಕಿನ ಪೈಪಿನಲ್ಲಿ ಎಣ್ಣೆ ಒಂದೇ ಡಿಗ್ರಿ ಕಾಯ್ದರೂ ಚದರ ಸೆಂಟಿಮೀಟರಿಗೆ ಸುಮಾರು 10 ಕಿಲೋ ಒತ್ತಡ ಏರುತ್ತದೆ. ರಬ್ಬರ್ ಪೈಪು ತಾನೂ ಹಿಗ್ಗುವುದರಿಂದ ಅಷ್ಟು ಏರದು. ಆದರೂ ಕೈಬಲಕ್ಕೆ ಮಣಿಯದಷ್ಟು ಏರುತ್ತದೆ.

ಸಣ್ಣ ವಿಮಾನಗಳದೂ ಇದೇ ಫಜೀತಿ. ಬೆಂಗಳೂರಿನ ಜಕ್ಕೂರಿನಲ್ಲಿ ತರಬೇತಿಗೆ ಬಳಸುವ ಸೆಸ್ನಾ 172ರಂಥ ವಿಮಾನದ ಬ್ರೇಕು ಹೈಡ್ರಾಲಿಕ್. ಪಾರ್ಕಿಂಗ್ ಬ್ರೇಕು ಬಿಗಿದು ಬಿಸಿಲಲ್ಲಿ ಬಿಟ್ಟರೆ ಒಳಗೆ ಸಿಕ್ಕ ಎಣ್ಣೆ ಹಿಗ್ಗಿ ಸೀಲು ಹಾಳಾದೀತು. ಅದಕ್ಕೇ ಬಹಳ ಹೊತ್ತು ನಿಲ್ಲಿಸುವಾಗ ಬ್ರೇಕು ಬಿಟ್ಟು, ನಮ್ಮ ಲಾರಿಯವರು ಕಲ್ಲು ಕೊಡುವಂತೆ ಗಾಲಿಗೆ ಅಡೆ ಇಡುತ್ತಾರೆ. ಚಕ್ರ ಒಳಗೆಳೆದುಕೊಳ್ಳುವ ಹಲವು ವಿಮಾನಗಳಲ್ಲಿ ಪುಟ್ಟ ವಾಲ್ವೊಂದಿದ್ದು, ಒತ್ತಡ ಮಿತಿ ಮೀರಿದರೆ ನಾಲ್ಕು ಹನಿ ಎಣ್ಣೆಯನ್ನು ಟಾಕಿಗೆ ಮರಳಿಸುತ್ತದೆ.

ಬಿಚ್ಚಿಟ್ಟ ಪೈಪಿಗೆ ಅಂಥ ಕಾವಲುಗಾರನಿಲ್ಲ, ಡ್ರೈವರೇ ಕಾವಲುಗಾರ. ಟ್ರಾಲಿ ಪೂರ್ತಿ ಇಳಿಸಿ, ಎಂಜಿನ್ ಬಂದ್ ಮಾಡಿ, ಲಿವರನ್ನು ನಾಲ್ಕಾರು ಸಲ ಆಡಿಸಿ ಒತ್ತಡ ಕಳೆದ ಮೇಲಷ್ಟೇ ಪೈಪು ಬಿಚ್ಚಬೇಕು. ಬಿಚ್ಚಿದ್ದನ್ನು ನೆರಳಲ್ಲಿಡಬೇಕು. ಬಿಗಿದೇಬಿಟ್ಟರೆ ಹಸಿ ಗೋಣಿಚೀಲ ಹೊದಿಸಿ ತಣ್ಣಗಾಗಲು ಬಿಡಬೇಕು. ಆಗಲೂ ಕೂಡದಿದ್ದರೆ ಬಲ್ಲ ಮೆಕ್ಯಾನಿಕ್ಕನ ಕೈಗೆ ಕೊಡಬೇಕು.

ಮೊಳೆ ಯಾಕೆ ಬೇಡ? ಚಿಮ್ಮುವ ಎಣ್ಣೆ ಸೂಜಿಯಂತೆ ಚರ್ಮ ತೂರಿ ಒಳಗಿಳಿಯಬಲ್ಲದು. ಹೊರಗೆ ಕಾಣುವುದು ಒಂದು ಚುಕ್ಕಿ, ಮೊದಲು ನೋವೂ ಅಷ್ಟಕ್ಕಷ್ಟೆ. ತಾಸುಗಳು ಕಳೆದಂತೆ ಬೆರಳು ಬಾತು, ಕಡೆಗೆ ಕತ್ತರಿಸುವ ಪ್ರಸಂಗವೂ ಬಂದೀತು. ಅರಿಷಿಣ ಹಚ್ಚಿ ಕೂರದೆ ಕೂಡಲೇ ಶಸ್ತ್ರಚಿಕಿತ್ಸೆಯಿರುವ ಆಸ್ಪತ್ರೆಗೆ ಹೋಗಿ, "ಹೈಡ್ರಾಲಿಕ್ ಎಣ್ಣಿ ಒಳಗ ಹೊಕ್ಕೈತ್ರಿ" ಎಂದು ಬಾಯಿಬಿಟ್ಟು ಹೇಳಬೇಕು.

ಅರ್ಧ ತಾಸು ತಡವಾದರೆ ಬಾಡಿಗೆ ಹೋದೀತು. ಬೆರಳು ಹೋದರೆ ಮರಳಿ ಬರುವುದಿಲ್ಲ.