ಕ್ಯಾಮೆರಾ ಮಗನದು, ಚಿತ್ರ ಯಾರದು?

ಹುಮನಾಬಾದ್ ತಾಲ್ಲೂಕಿನ ದುಬಲಗುಂಡಿಯಲ್ಲಿ ಪಿಯುಸಿ ಓದುವ ಹುಡುಗನೊಬ್ಬ ಇದ್ದಾನೆ ಎಂದಿಟ್ಟುಕೊಳ್ಳಿ. ಮೊಬೈಲಿನಲ್ಲೇ ಚೆಂದದ ವಿಡಿಯೊ ಮಾಡುತ್ತಾನೆ. ದೀಪಾವಳಿ ಹತ್ತಿರ ಬಂದಾಗ ಹುಮನಾಬಾದಿನ ಸೀರೆ ಅಂಗಡಿಯ ಸಾಹುಕಾರರು ಕರೆದು ಅಂಗಡಿಯದೊಂದು ವಿಡಿಯೊ ಮಾಡಿಕೊಡಲು ಹೇಳುತ್ತಾರೆ. 3,000 ರೂಪಾಯಿಗೆ ಮಾತಾಗುತ್ತದೆ. ಒಂದು ಚೀಟಿ ಬರೆದುಕೊಳ್ಳೋಣವೇ ಎಂದರೆ ಸಾಹುಕಾರರು ನಗುತ್ತಾರೆ: “ಕಾಗದ ಯಾಕೋ ತಮ್ಮಾ? ನಿಮ್ಮಪ್ಪಂದು ನಂದು ಇವತ್ತಿನ ಪರಿಚಯ ಏನು?”

ಹಬ್ಬ ಮುಗಿಯುತ್ತದೆ. ಒಂದು ವಿಡಿಯೊ ಮೂರಾಗಿರುತ್ತದೆ, ‘ಇಲ್ಲಿ ಸ್ವಲ್ಪ ಬದಲಿಸು’ ಎಂದದ್ದು ಆರು ಸಲ, ಕೈಗೆ ಬಂದದ್ದು ಸಾವಿರ ರೂಪಾಯಿ. ಅದೇ ಚಿತ್ರ ಸಾಹುಕಾರರ ಬಸವಕಲ್ಯಾಣದ ಅಂಗಡಿಗೂ ಜಾಹೀರಾತಾಗಿದೆ. ತನ್ನ ಕೆಲಸವೆಂದು ಹುಡುಗ ಇನ್‌ಸ್ಟಾಗ್ರಾಂನಲ್ಲಿ ಹಾಕಿಕೊಂಡರೆ ‘ಅದನ್ನ ತೆಗಿ’ ಎಂದು ಫೋನು.

ಕ್ಯಾಮೆರಾ ಹಿಡಿದವನೇ ಚಿತ್ರದ ಒಡೆಯ ಎಂದು ನಾವೆಲ್ಲ ತಿಳಿದಿರುತ್ತೇವೆ. ಕಾನೂನು ಹಾಗೆ ಹೇಳುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಹಣದ ಪ್ರತಿಫಲಕ್ಕೆ, ಇನ್ನೊಬ್ಬರು ಹೇಳಿ ಮಾಡಿಸಿದ ಛಾಯಾಚಿತ್ರ ಅಥವಾ ಚಲನಚಿತ್ರಕ್ಕೆ ಮಾಡಿಸಿದವರೇ ಮೊದಲ ಒಡೆಯರು. ವಿಡಿಯೊ ಕೂಡ ಈ ಕಾಯ್ದೆಯಲ್ಲಿ ಚಲನಚಿತ್ರವೇ. ಅಂದರೆ ಸುಮ್ಮನಿದ್ದರೆ ಗೆಲ್ಲುವವರು ಸಾಹುಕಾರರು! ಆದರೆ ಅದೇ ಕಲಮಿನಲ್ಲಿ ಒಂದು ಸಣ್ಣ ಮಾತಿದೆ: ‘ಇದಕ್ಕೆ ವಿರುದ್ಧವಾದ ಕರಾರು ಇಲ್ಲದಿದ್ದರೆ’. ಹುಡುಗನ ಪಾಲಿನ ಬಾಗಿಲು ಇಷ್ಟೇ, ಮತ್ತು ಅದು ತೆರೆದಿರುವುದು ಕೆಲಸ ಶುರುವಾಗುವುದಕ್ಕೆ ಮುಂಚೆ. ಪೂರ್ತಿ ಹಣ ಬಂದ ಮೇಲೆ ಮಾತ್ರ ಹಕ್ಕು ಅಂಗಡಿಗೆ ಸೇರುತ್ತದೆ, ನನ್ನ ಕೆಲಸದ ಮಾದರಿಯಾಗಿ ನಾನೂ ತೋರಿಸಬಹುದು ಎಂದು ಎರಡು ಸಾಲು ಬರೆದಿದ್ದರೆ ಆ ಫೋನು ಬರುತ್ತಿರಲಿಲ್ಲ.

ಬಾಯಿಮಾತಿನ ಕರಾರಿಗೆ ಬೆಲೆ ಇಲ್ಲವೆಂದಲ್ಲ. 1872ರ ಕರಾರು ಕಾಯ್ದೆ ಅದನ್ನೂ ಒಪ್ಪುತ್ತದೆ. ವಾಟ್ಸ್ಆ್ಯಪ್‌ನಲ್ಲಿ ‘ಆಯ್ತು, ಮೂರು ಸಾವಿರ’ ಎಂದು ಬರೆದದ್ದೂ ಸಾಕ್ಷಿಯಾಗಬಲ್ಲದು, ಆದ್ದರಿಂದ ಆ ಸಂದೇಶಗಳನ್ನು ಅಳಿಸಬೇಡಿ. ಆದರೆ ಹಕ್ಕನ್ನು ಒಬ್ಬರಿಂದ ಒಬ್ಬರಿಗೆ ವರ್ಗಾಯಿಸಲು ರುಜು ಹಾಕಿದ ಬರಹವೇ ಬೇಕೆಂದು ಹಕ್ಕುಸ್ವಾಮ್ಯ ಕಾಯ್ದೆಯ 19ನೆಯ ಕಲಮು ಹೇಳುತ್ತದೆ. ಎಷ್ಟು ವರ್ಷಕ್ಕೆಂದು ಅದರಲ್ಲಿ ಬರೆಯದಿದ್ದರೆ ವರ್ಗಾವಣೆ ಐದೇ ವರ್ಷ.

ಈಗ ತಂದೆತಾಯಿಗಳು ಗಮನಿಸಬೇಕಾದ ಮಾತು. ಆ ಹುಡುಗನಿಗೆ ಹದಿನೇಳು ವರ್ಷವಾಗಿದ್ದರೆ? ಹದಿನೆಂಟು ತುಂಬದವರು ಮಾಡಿದ ಕರಾರು ಮೊದಲಿನಿಂದಲೇ ಅನೂರ್ಜಿತವೆಂದು 1903ರಲ್ಲಿ ಮೊಹೋರಿ ಬೀಬಿ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು. ‘ಹಾಗಾದರೆ ಮಗನ ಪರವಾಗಿ ನಾನೇ ಸಹಿ ಹಾಕುತ್ತೇನೆ’ ಎನ್ನುತ್ತೀರಿ. ಅದೂ ನಡೆಯದೆ ಹೋಗಬಹುದು. ಮುಂಬಯಿಯ ರಾಜ್ ರಾಣಿ ವಿರುದ್ಧ ಪ್ರೇಮ್ ಅದೀಬ್ ಮೊಕದ್ದಮೆ 1949ರ ಕಾನೂನು ವರದಿಗಳಲ್ಲಿದೆ. ಅಪ್ರಾಪ್ತ ವಯಸ್ಸಿನ ಮಗಳು ಚಿತ್ರದಲ್ಲಿ ನಟಿಸಲೆಂದು ತಂದೆ ನಿರ್ಮಾಪಕರೊಂದಿಗೆ ಕರಾರು ಮಾಡಿಕೊಂಡಿದ್ದರು. ಪಾತ್ರ ಬೇರೊಬ್ಬರ ಪಾಲಾಯಿತು. ಮಗಳ ಕರಾರೆಂದರೆ ಅವಳು ಅಪ್ರಾಪ್ತಳು. ತಂದೆಯ ಕರಾರೆಂದರೆ ಅದಕ್ಕೆ ಪ್ರತಿಫಲವಿಲ್ಲ, ಏಕೆಂದರೆ ಮಗಳ ಮಾತಿಗೆ ಕಾನೂನಿನ ಕಟ್ಟು ಇಲ್ಲ. ಇಬ್ಬರಿಗೂ ಪರಿಹಾರ ಸಿಗಲಿಲ್ಲ.

ಆದ್ದರಿಂದ ‘ನನ್ನ ಮಗ ಮಾಡಿಕೊಡುತ್ತಾನೆ’ ಎಂದು ಬರೆಯಬೇಡಿ. ‘ವಿಡಿಯೊ ಮಾಡಿಸಿಕೊಡುವ ಜವಾಬ್ದಾರಿ ನನ್ನದು’ ಎಂದು ತಾಯಿಯೋ ತಂದೆಯೋ ತಮ್ಮ ಹೆಸರಿನಲ್ಲೇ ಕೆಲಸ ಹಿಡಿಯುವುದು ಮೇಲು. ಹಾಗೆ ಬರೆದ ಮೇಲೆ ಗಡುವು ತಪ್ಪಿದರೆ ಉತ್ತರ ಹೇಳಬೇಕಾದವರೂ ನೀವೇ, ಪರೀಕ್ಷೆಯ ತಿಂಗಳಲ್ಲಿ ಕೆಲಸ ಒಪ್ಪಬೇಡಿ. ಚೀಟಿಯಿಲ್ಲದೆ ಕೆಲಸ ಮುಗಿದೇಹೋಗಿದ್ದರೂ ಧೈರ್ಯಗೆಡಬೇಕಿಲ್ಲ. ತನ್ನ ಪಾಲನ್ನು ಪೂರೈಸಿದ ಅಪ್ರಾಪ್ತ ತನಗೆ ಬರಬೇಕಾದದ್ದನ್ನು ಕೇಳಬಹುದೆಂದು ಮದ್ರಾಸ್ ಹೈಕೋರ್ಟಿನ ಪೂರ್ಣ ಪೀಠ 1916ರಲ್ಲೇ ಹೇಳಿದೆ. ಅದು ಅಡಮಾನದ ಮೊಕದ್ದಮೆ, ನಿಜ. ವಕೀಲರಿಗೆ ಹಿಡಿಯಲು ಒಂದು ಎಳೆಯಂತೂ ಇದೆ.

ಚೀಟಿ ಒಂದು ಪುಟ ಸಾಕು. ಎಷ್ಟು ವಿಡಿಯೊ, ಎಷ್ಟು ನಿಮಿಷ, ಎಷ್ಟು ಸಲ ಉಚಿತ ಬದಲಾವಣೆ (ಎರಡಕ್ಕಿಂತ ಹೆಚ್ಚು ಒಪ್ಪಬೇಡಿ), ಮುಂಗಡ ಎಷ್ಟು, ಯಾವ ಅಂಗಡಿಗೆ, ಬಳಸದೆ ಉಳಿದ ಚಿತ್ರಿಕೆ ಯಾರ ಬಳಿ ಇರಬೇಕು. ಸಿನಿಮಾ ಹಾಡಿನ ಮಾತೂ ಬರಲಿ. ಮದುವೆಯಲ್ಲಿ ಹಾಡು ನುಡಿಸಲು ಕಾಯ್ದೆಯಲ್ಲಿ ವಿನಾಯಿತಿ ಇದೆ, ಆದರೆ ಸೀರೆಯ ಜಾಹೀರಾತು ಮದುವೆಯಲ್ಲ. ಹಾಡು ಹಾಕಲೇಬೇಕೆಂದರೆ ಅನುಮತಿ ತರುವ ಹೊಣೆ ಅಂಗಡಿಯದೆಂದು ಬರೆಯಿರಿ, ಅನುಮತಿ ಬರುವ ತನಕ ಹಾಡು ಸೇರಿಸಬೇಡಿ.

ಪರಿಚಯದವರ ಬಳಿ ಕಾಗದ ಕೇಳಲು ಸಂಕೋಚವೇ? ಅಡತಿ ಅಂಗಡಿಯಲ್ಲಿ ತೊಗರಿ ಹಾಕಿ ತೂಕದ ಚೀಟಿ ಇಲ್ಲದೆ ಎದ್ದು ಬರುವ ರೈತ ಈ ಸೀಮೆಯಲ್ಲಿ ಯಾರಿದ್ದಾರೆ? ಅಡತಿಯವರೂ ಪರಿಚಯದವರೇ. ಸಾಹುಕಾರರು ನಕ್ಕರೆ ಹುಡುಗ ಹೇಳಬಹುದು: “ನಂಬಿಕಿ ಇಲ್ಲಂತ ಅಲ್ರೀ, ಇಬ್ಬರಿಗೂ ನೆನಪಿರ್ಲಿ ಅಂತ.”

ಇಷ್ಟಾಗಿಯೂ ಬಾಕಿ ಉಳಿದರೆ ಮೂರು ವರ್ಷದೊಳಗೆ ದಾವೆ ಹೂಡಬೇಕು. ಅದಕ್ಕೂ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಕೋರ್ಟಿಗೆ ಹೋಗದ ತಕರಾರನ್ನೂ ಲೋಕ ಅದಾಲತ್ ಎತ್ತಿಕೊಳ್ಳುತ್ತದೆ, ಶುಲ್ಕವಿಲ್ಲ. ಹೋಗುವಾಗ ಚೀಟಿಯ ಜೊತೆ ಫೋನನ್ನೂ ಒಯ್ಯಿರಿ.