ಹೊಂಚು ಹಾಕಿದವರಿಗೆ ಪುಕ್ಕಟೆ ಏಟಿಲ್ಲ

ಸೆಟ್ಟೂರು, ಕಲ್ಯಾಣದುರ್ಗದ ಕಡೆಯವರಿಗೆ ರಾಯದುರ್ಗದ ಬೆಟ್ಟದ ಕೋಟೆ ಹೊಸದಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಒಂದು ಕಾಳಗವನ್ನು ಅಲ್ಲಿಗೇ ತರೋಣ. ಹೊತ್ತು ಮುಳುಗಿದೆ. ನಿಮ್ಮ ತಂಡ ಗುಂಡುಕಲ್ಲುಗಳ ಮರೆಯಲ್ಲಿದೆ. ಪಾಳೇಗಾರನ ಇಬ್ಬರು ಕಾವಲುಗಾರರು ದೀವಟಿಗೆ ಹಿಡಿದು ಹತ್ತಿ ಬರುತ್ತಿದ್ದಾರೆ. ಮೇಜಿನ ಸುತ್ತ ಜಗಳ ಹುಟ್ಟುವುದು ಇಂಥ ಹೊತ್ತಿನಲ್ಲೇ.

ತಪ್ಪು ಕಲ್ಪನೆ: ಹೊಂಚು ಹಾಕಿದವರಿಗೆ ಮೊದಲು ಒಂದು ಸುತ್ತು ಬಿಟ್ಟಿ.

ಇದು ಸುಳ್ಳಲ್ಲ, ಹಳತು. 2000ದ ಮೂರನೆಯ ಆವೃತ್ತಿಯಲ್ಲೂ 2008ರ ನಾಲ್ಕನೆಯದರಲ್ಲೂ ಅಂಥದೊಂದು ಸುತ್ತು ಇತ್ತು. 2014ರ ಐದನೆಯ ಆವೃತ್ತಿ ಅದನ್ನು ಕಿತ್ತುಹಾಕಿತು. ಈಗ ಎಲ್ಲರೂ ಯಾರ ಸರದಿ ಮೊದಲು ಎಂದು ತೀರ್ಮಾನಿಸುವ ಇನಿಶಿಯೇಟಿವ್ ದಾಳ ಹಾಕಲೇಬೇಕು. 2014ರ ನಿಯಮದಲ್ಲಿ ಹೊಂಚು ತಿಳಿಯದೆ ಬೆಚ್ಚಿದವನು ತನ್ನ ಮೊದಲ ಸರದಿಯಲ್ಲಿ ಕದಲುವಂತಿಲ್ಲ, ಆಕ್ಷನ್ ಇಲ್ಲ; ಆ ಸರದಿ ಮುಗಿಯುವವರೆಗೆ ಬೇರೆಯವರ ನಡೆಗೆ ತಕ್ಷಣ ಉತ್ತರ ಕೊಡುವ ರಿಯಾಕ್ಷನ್ನೂ ಇಲ್ಲ. ಇಲ್ಲೇ ಒಂದು ತಮಾಷೆಯಿದೆ. ಕಾವಲುಗಾರನಿಗೆ ನಿಮಗಿಂತ ದೊಡ್ಡ ದಾಳ ಬಿದ್ದರೆ, ಅವನ ಸರದಿ ಸುಮ್ಮನೆ ಕಳೆದುಹೋಗುತ್ತದೆ. ಆದರೆ ನಿಮ್ಮ ಬಾಣ ಹೊರಡುವಷ್ಟರಲ್ಲಿ ಅವನು ಚೇತರಿಸಿಕೊಂಡಿರುತ್ತಾನೆ. 2024ರ ಪುಸ್ತಕ ಈ ತೊಡಕನ್ನೆಲ್ಲ ಬಿಟ್ಟು ಒಂದೇ ಮಾತು ಹೇಳಿತು: ಬೆಚ್ಚಿದವನು ಇನಿಶಿಯೇಟಿವ್‌ಗೆ ಇಪ್ಪತ್ತು ಮುಖದ ದಾಳವನ್ನು ಎರಡು ಸಲ ಉರುಳಿಸಿ, ಕಡಿಮೆ ಬಿದ್ದದ್ದನ್ನು ಇಟ್ಟುಕೊಳ್ಳಲಿ. ಹೊಂಚಿನ ರುಚಿ ಇದರಿಂದ ಸಪ್ಪೆಯಾಯಿತು ಎಂದು ನನಗನ್ನಿಸುತ್ತದೆ. ಆದರೆ ವಾದ ಕಡಿಮೆಯಾಯಿತು, ಅದು ನಿಜ.

ಬೆಚ್ಚುವುದು ಇಡೀ ಗುಂಪಿಗಲ್ಲ, ಒಬ್ಬೊಬ್ಬರಿಗೆ ಬೇರೆ ಬೇರೆ. ಒಬ್ಬ ಕಾವಲುಗಾರ ಕಲ್ಲು ಜಾರಿದ ಸದ್ದು ಕೇಳಿಸಿಕೊಂಡು ನಿಮ್ಮನ್ನು ಗುರುತಿಸಿದ್ದರೆ ಬೆಚ್ಚುವವನು ಇನ್ನೊಬ್ಬ ಮಾತ್ರ.

ತಪ್ಪು ಕಲ್ಪನೆ: “ನಾನು ಬಾಣ ಹೂಡಿಕೊಂಡೇ ನಡೀತಿದ್ದೀನಿ, ಮೊದಲ ಏಟು ನಂದೇ.”

ಇಂಥದ್ದು ನಡೆದರೆ ಹೊಡೆಯುತ್ತೇನೆ ಎಂದು ಮೊದಲೇ ಹೇಳಿ ಕಾಯುವುದಕ್ಕೆ ಆಟದಲ್ಲಿ ರೆಡಿ ಎನ್ನುತ್ತಾರೆ; ಅದು ಕಾಳಗದೊಳಗೆ, ನಿಮ್ಮ ಸರದಿಯಲ್ಲಿ ಮಾಡುವ ಆಕ್ಷನ್. ದಾಳವೇ ಉರುಳದಿದ್ದಾಗ ಸರದಿ ಎಲ್ಲಿಂದ ಬಂತು? ಬಾಣ ಹೂಡಿಕೊಂಡು ಎಚ್ಚರವಾಗಿರುವವನ ಚುರುಕನ್ನು ಅಳೆಯುವುದಕ್ಕೇ ಇನಿಶಿಯೇಟಿವ್ ಇರುವುದು. ಕಾವಲುಗಾರನ ಕೈಯೂ ಕತ್ತಿಯ ಹಿಡಿಯ ಮೇಲೇ ಇದೆಯಲ್ಲ! ಆಟ ನಡೆಸುವವರು ಒಮ್ಮೆ ಕನಿಕರಪಟ್ಟು ಬಿಟ್ಟರೆ, ಮುಂದೆ ಪ್ರತಿ ಬಾಗಿಲ ಮುಂದೆಯೂ ಎಲ್ಲರೂ ಬಾಣ ಹೂಡಿಕೊಂಡೇ ನಿಲ್ಲುತ್ತಾರೆ.

ತಪ್ಪು ಕಲ್ಪನೆ: ರೆಡಿ ಮಾಡಿಟ್ಟ ಏಟು ಎದುರಾಳಿಯ ಏಟನ್ನು ತಡೆದು ಮೊದಲು ಬೀಳುತ್ತದೆ.

ಮೂರನೆಯ ಆವೃತ್ತಿಯಲ್ಲಿ ಹೌದು. ಅಲ್ಲಿ ಅದು ಎದುರಾಳಿಯ ಕೆಲಸಕ್ಕೆ ತುಸು ಮುಂಚೆಯೇ ನಡೆಯುತ್ತಿತ್ತು, ಇನಿಶಿಯೇಟಿವ್‌ನಲ್ಲಿ ನಿಮ್ಮ ಸ್ಥಾನವೂ ಬದಲಾಗುತ್ತಿತ್ತು. ಐದನೆಯದರಲ್ಲಿ ನೀವು ಹೇಳಿದ ಘಟನೆ ಮುಗಿದ ಮೇಲಷ್ಟೇ ನಿಮ್ಮದು. “ಅವನು ನಮ್ಮವನ ಮೇಲೆ ಕತ್ತಿ ಬೀಸಿದರೆ ಹೊಡೀತೀನಿ” ಎಂದರೆ ನಮ್ಮವನು ಮೊದಲು ಏಟು ತಿಂದಿರುತ್ತಾನೆ. “ಅವನು ಬುರುಜಿನ ತಿರುವು ದಾಟಿದ ಕೂಡಲೇ” ಎನ್ನುವುದು ಜಾಣತನ. ಇದಕ್ಕೆ ಆ ಸುತ್ತಿನ ರಿಯಾಕ್ಷನ್ ಖರ್ಚಾಗುತ್ತದೆ. ಪಕ್ಕದಿಂದ ಓಡಿಹೋಗುವವನಿಗೆ ಕೊಡುವ ಏಟು ಹೋಯಿತು. ಒಂದೇ ಆಕ್ಷನ್‌ನಲ್ಲಿ ಎರಡೇಟು ಹೊಡೆಯುವ ಯೋಧನಿಗೂ ಇಲ್ಲಿ ಸಿಗುವುದು ಒಂದೇ, ಏಕೆಂದರೆ ಎರಡನೆಯದು ಅವನ ಸ್ವಂತ ಸರದಿಗೆ ಮೀಸಲು.

ಎಲ್ಲಕ್ಕಿಂತ ಹೆಚ್ಚು ಕಳೆದುಕೊಳ್ಳುವವನು ಮಂತ್ರವಾದಿ. ರೆಡಿ ಮಾಡಿದಾಗಲೇ ಮಂತ್ರದ ಸ್ಲಾಟ್, ಅಂದರೆ ಮಂತ್ರ ಹಾಕಲು ಅವನಿಗಿರುವ ಎಣಿಕೆಯ ಅವಕಾಶಗಳಲ್ಲಿ ಒಂದು, ಖರ್ಚಾಗುತ್ತದೆ, ಮಂತ್ರವನ್ನು ಹಿಡಿದಿಡಲು ಏಕಾಗ್ರತೆ ಬೇಕು. ಅಷ್ಟರಲ್ಲಿ ಒಂದು ಕವಣೆಕಲ್ಲು ತಗುಲಿ ಏಕಾಗ್ರತೆ ಮುರಿದರೂ, ತನ್ನ ಮುಂದಿನ ಸರದಿಯೊಳಗೆ ಕಾವಲುಗಾರ ತಿರುವು ದಾಟದೇ ಹೋದರೂ ಸ್ಲಾಟ್ ವಾಪಸ್ ಬರುವುದಿಲ್ಲ.